ಮನೆ ಮಂಜೂರಾಯಿತು, ಜಾಗಕ್ಕೆ ಪತ್ರ ಎಲ್ಲಿ?

ಗ್ರಾಮ ಪಂಚಾಯಿತಿ ಸದಸ್ಯೆಯಾದ ಹೊಸದರಲ್ಲಿ ಮನೆ ಹಂಚುವುದು ಸುಲಭ ಅಂದುಕೊಂಡಿದ್ದೆ. ಗ್ರಾಮಸಭೆ ಕರೆಯುವುದು, ಹೆಸರು ಓದುವುದು, ಪಟ್ಟಿ ಕಳಿಸುವುದು. ಅಷ್ಟೇ ಅಲ್ವಾ? ಆದರೆ ವರ್ಷ ಕಳೆದು ನೋಡಿದರೆ ಗೋಡೆ ಎದ್ದಿದ್ದು ಸ್ವಂತ ಜಾಗವೂ ಕೈಯಲ್ಲಿ ನಾಲ್ಕು ಕಾಸೂ ಇದ್ದವರದ್ದೇ.

ಊರಾಚೆ ಸರ್ಕಾರಿ ಜಾಗದಲ್ಲಿ ಒಂದು ಸಾಲು ಗುಡಿಸಲುಗಳಿವೆ. ತಗಡು ಹಾರದಂತೆ ಮೇಲೆ ಹಳೇ ಟಯರ್ ಇಟ್ಟಿರುತ್ತಾರೆ. ಅಲ್ಲಿನ ಅಜ್ಜಿಯೊಬ್ಬರು, "ಮೂರು ಸಲ ನನ್ನ ಹೆಸರು ಬಂತು ಕಣವ್ವಾ. ಮೂರು ಸಲಾನೂ ಖಾತೆ ಇಲ್ಲ ಅಂತ ಹೋಯ್ತು" ಅಂದರು. ಪಟ್ಟಿ ಪಕ್ಕಕ್ಕಿಟ್ಟು ಪತ್ರದ ಹಿಂದೆ ಬಿದ್ದದ್ದು ಆಮೇಲೆ.

ಸರ್ಕಾರಿ ಜಾಗದಲ್ಲಿ ಹಿಂದಿನಿಂದ ಕಟ್ಟಿಕೊಂಡಿರುವ ಮನೆ ಸಕ್ರಮ ಮಾಡಲು ಭೂ ಕಂದಾಯ ಕಾಯ್ದೆಯಲ್ಲಿ 94ಸಿ ಕಲಂ ಇದೆ. ಅರ್ಜಿಗೆ ಹಳೇ ದಾಖಲೆ ಬೇಕು. ಅಜ್ಜಿ ಅಕ್ಕಿ ಡಬ್ಬಿಯೊಳಗಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಮಾಸಿದ ರೇಷನ್ ಕಾರ್ಡು, ಕರೆಂಟ್ ಬಿಲ್ಲು. ಅಷ್ಟು ಸಾಕಾಯಿತು. ಕಡತ ಎರಡು ಸಲ ವಾಪಸ್ ಬಂತು. ನಾನೂ ಬಿಡದೆ ತಾಲ್ಲೂಕು ಕಚೇರಿಗೆ ಅಲೆದೆ. ರಸ್ತೆ ಜಾಗಕ್ಕೆ ಸೇರಿದ್ದ ಎರಡು ಮನೆಗೆ ಮಾತ್ರ ಆಗಲಿಲ್ಲ. ಉಳಿದವರಿಗೆ ಹಕ್ಕುಪತ್ರ ಬಂತು, ಅದರ ಮೇಲೆ ಪಂಚಾಯಿತಿ ಖಾತೆಯೂ ಆಯಿತು.

ಆಮೇಲೆ ದುಡ್ಡಿನ ಪಾಡು. ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯಲ್ಲಿ ಸಿಕ್ಕಿದ್ದು 1.20 ಲಕ್ಷ ರೂಪಾಯಿ. ಅದೂ ಹಂತ ಹಂತವಾಗಿ: ಪಾಯ ಮುಗಿಸಿ ಜಿಪಿಎಸ್ ಫೋಟೋ ಹೋದ ಮೇಲೆ ಮೊದಲ ಕಂತು. ಪಾಯಕ್ಕೇ ದುಡ್ಡಿಲ್ಲದವರು ಏನು ಮಾಡಬೇಕು? ಬಡ್ಡಿ ಸಾಲಕ್ಕೆ ಹೋಗುತ್ತಾರೆ. ಹಾಗಾಗಬಾರದೆಂದು ಸ್ತ್ರೀಶಕ್ತಿ ಸಂಘದಿಂದ ಸಣ್ಣ ಸಾಲ ಕೊಡಿಸಿದೆವು. ಗುಂಡಿ ತೆಗೆಯುವ ದಿನವೇ ನರೇಗಾ ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿ) ತೆಗೆಯಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಒಪ್ಪಿಸಿದೆ. ನರೇಗಾದಲ್ಲಿ ಸ್ವಂತ ಮನೆ ಕೆಲಸಕ್ಕೆ ಆಗ 90 ದಿನದ ಕೂಲಿ ಸಿಗುತ್ತಿತ್ತು. 2024-25ರಲ್ಲಿ ದಿನಕ್ಕೆ 349 ರೂಪಾಯಿ, ಅಂದರೆ 31,410. ಇದನ್ನು ಯಾರೂ ಹೇಳದಿದ್ದರೆ ಸುಮ್ನೆ ಬಿಟ್ಟುಹೋಗುತ್ತಿದ್ದ ದುಡ್ಡು.

ಅಜ್ಜಿಯ ಮನೆಗೆ ಇನ್ನೂ ಗಾರೆ ಆಗಿಲ್ಲ. ಹಕ್ಕುಪತ್ರ ಅದೇ ಅಕ್ಕಿ ಡಬ್ಬಿಯಲ್ಲಿದೆ. ಬಾಡಿಗೆಗಿರುವ ಎರಡು ಕೂಲಿ ಕುಟುಂಬಕ್ಕೆ ಈಗ ನಿವೇಶನ ಹುಡುಕುತ್ತಿದ್ದೇನೆ. ದಾಖಲೆಯಲ್ಲಿ ಸರ್ಕಾರಿ ಜಾಗ ಅಂತಿರುವ ಸರ್ವೆ ನಂಬರಿಗೆ ಹೋದರೆ ಅಲ್ಲಿ ಯಾರದ್ದೋ ಅಡಿಕೆ ತೋಟ, ಸುತ್ತ ತಂತಿಬೇಲಿ.