ಫಾರ್ಸಿ ಬಾರದೆ ಫಾರ್ಸಿ ಉಗ್ಗಿಗೆ ಥೆರಪಿ: ನನ್ನ ಅನುಭವ

"ನಿಮಗೆ ಫಾರ್ಸಿ ಬರಲ್ಲ, ಫಾರ್ಸಿ ಉಗ್ಗಿಗೆ ಹೇಗ್ರೀ ಥೆರಪಿ ಕೊಡ್ತೀರಾ?" ಅಂತ ಜೊತೆಯವರು ಕೇಳಿದ್ದರು. ಫಾರ್ಸಿ ಅಂದರೆ ಇರಾನಿನ ಭಾಷೆ. ಕೊಟ್ಟೆ, ಕೆಲಸವೂ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

2010ರ ಸುಮಾರಿನಲ್ಲಿ ಮೈಸೂರಿನಲ್ಲಿ ಇರಾನಿ ವಿದ್ಯಾರ್ಥಿಗಳು ಜಾಸ್ತಿ ಇದ್ದರು. ಅವರಲ್ಲೊಬ್ಬ ಹುಡುಗ ನನ್ನ ಹತ್ತಿರ ಬಂದ. ಎರಡು ತಿಂಗಳು ಇಂಗ್ಲಿಷಿನಲ್ಲೇ ಮಾಡಿಸಿದೆ. ಕ್ಲಿನಿಕ್ಕಿನಲ್ಲಿ ಮಾತು ಸರಾಗ. ರಾತ್ರಿ ಅಮ್ಮನಿಗೆ ಫೋನ್ ಮಾಡಿದರೆ ಅದೇ ಬ್ಲಾಕ್, ಅಂದರೆ ಮಾತು ಹೊರಬರದೆ ಸಿಕ್ಕಿಕೊಳ್ಳೋದು.

ಆಮೇಲೆ ಅವನ ಗೆಳೆಯನೊಬ್ಬನಿಗೆ ಗಂಟೆಗೆ 300 ರೂಪಾಯಿ ಕೊಟ್ಟು ಕೂರಿಸಿಕೊಂಡೆ. ಹುಡುಗನಿಂದ ಫಾರ್ಸಿ ಪೇಪರ್ ಓದಿಸಿ ಎಷ್ಟು ಕಡೆ ಸಿಕ್ಕಿಕೊಳ್ಳುತ್ತಾನೆ ಅಂತ ಲೆಕ್ಕ ಹಾಕಿದೆ. ಅದೂ ದಂಡ. 'ಹೋಗುತ್ತೇನೆ' ಅನ್ನೋದು ಪೇಪರಿನಲ್ಲಿ 'ಮೀರವಮ್' ಅಂತ ಇರುತ್ತದೆ, ಮನೆಯಲ್ಲಿ 'ಮೀರಮ್' ಅಂತಾರೆ. ಬರಹದ ಮಾತೇ ಬೇರೆ, ಬಾಯಿ ಮಾತೇ ಬೇರೆ. ಸುಮಾರು ಎಂಟು ಸಾವಿರ ಹೋಯಿತು, ಅವನಿಂದ ಬಂದ ಫೀಸಿಗಿಂತ ಜಾಸ್ತಿ.

ಕೊನೆಗೆ ಅವನ ಒಪ್ಪಿಗೆ ಪಡೆದು, ಫೋನಿನಲ್ಲಿ ಅವನು ಆಡಿದ್ದನ್ನೇ ರೆಕಾರ್ಡ್ ಮಾಡಿ, ಬಾಯಲ್ಲಿ ಬಂದ ಹಾಗೇ ಬರೆಸಿದೆ. ಐನೂರು, ಆರುನೂರು ಪದ ಇದ್ದಿರಬೇಕು. ಸಿಕ್ಕಿಕೊಂಡ ಕಡೆಯೆಲ್ಲ ಪೆನ್ಸಿಲ್ ಗುರುತು. ಉದ್ದ ಪದ, ವಾಕ್ಯದ ಶುರು, ಇಲ್ಲೆಲ್ಲ ಉಗ್ಗು ಜಾಸ್ತಿ ಅನ್ನೋದು ಥೆರಪಿ ಮಾಡುವವರಿಗೆ ಗೊತ್ತಿರೋದೇ. ನನಗೆ ಕಣ್ಣು ತೆರೆಸಿದ್ದು ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೆ ಅನ್ನೋದು. ಫಾರ್ಸಿಯಲ್ಲಿ ನಾಮಪದದ ಒತ್ತು ಕೊನೆಗೆ ಬೀಳುತ್ತದೆ. 'ಕೆತಾಬ್' (ಪುಸ್ತಕ) ಅಂದರೆ 'ತಾಬ್' ಮೇಲೆ. ಇವನು ಸಿಕ್ಕಿಕೊಳ್ಳುತ್ತಿದ್ದದ್ದು 'ಕೆ' ಮೇಲೆ! 'ಮೀರಮ್'ನಲ್ಲಿ ಒತ್ತು ಮೊದಲಿಗೇ ಇದೆ, ಆದರೆ ಅಲ್ಲಿ ಬ್ಲಾಕ್ ಕಡಿಮೆ. ಕ್ರಿಯಾಪದ ನಮ್ಮ ಕನ್ನಡದ ಹಾಗೇ ಕೊನೆಗೆ ಬರುತ್ತೆ ಅಲ್ವಾ, ಅಷ್ಟರಲ್ಲಿ ಮಾತು ಓಡುತ್ತಿರುತ್ತದೆ. ಇವನ ಮಟ್ಟಿಗೆ ಕಾಟ ಕೊಟ್ಟದ್ದು ಶುರು, ಒತ್ತಲ್ಲ.

ಎಲ್ಲಕ್ಕಿಂತ ಕಷ್ಟ ಸ್ವರದ ಪದಗಳು. 'ಯಾವ ಊರು' ಅಂತ ಯಾರಾದರೂ ಕೇಳಿದರೆ 'ಈರಾನ್' ಬರುತ್ತಿರಲಿಲ್ಲ. ಗಂಟಲು ಬಿಗಿದು, ಕತ್ತಿನ ನರ ಉಬ್ಬುತ್ತಿತ್ತು. ಫಾರ್ಸಿಯಲ್ಲಿ ಸ್ವರದಿಂದ ಶುರುವಾಗುವ ಪದವನ್ನು ಬಿಡಿಯಾಗಿ ಹೇಳಿದರೆ ಮೊದಲು ಗಂಟಲು ಮುಚ್ಚಿ ತೆರೆಯುತ್ತದೆ. ಸರಾಗ ಮಾತಿನಲ್ಲಿ ಅದು ಕರಗುತ್ತದೆ. ಹಾಗಾಗಿ 'ಮನ್ ಅಜ್ ಈರಾನ್' (ನಾನು ಇರಾನಿನಿಂದ) ಅನ್ನೋದನ್ನು 'ಮನಜೀರಾನ್' ಅಂತ ಒಂದೇ ಎಳೆಯಲ್ಲಿ ಹೇಳಿಸಿದೆ. ಮೂರನೇ ದಿನಕ್ಕೆ ಬಂತು. ಅವನು ಮೇಜು ಕುಟ್ಟಿ ನಕ್ಕ. ಆ 'ಮನ್'ಗೆ ಮೊದಲು ಉಸಿರನ್ನು ಹೇಗೆ ಬಿಡಿಸಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಪದ್ಯ ಹೇಳಿಸಿಯೂ ನೋಡಿದೆ. ಒಂದು ಕಡೆಯೂ ತಡೆಯದೆ ಹೇಳಿದ. ಕುಣಿದುಬಿಟ್ಟೆ. ಮಾತಿಗೆ ಮಾತ್ರ ಅದು ಇಳಿಯಲೇ ಇಲ್ಲ, ಎರಡು ವಾರ ವ್ಯರ್ಥ.

ಶುರುವಿನಲ್ಲಿ ನೂರು ಪದಕ್ಕೆ ಹದಿನೆಂಟರಷ್ಟು ಸಿಕ್ಕಿಕೊಳ್ಳುತ್ತಿದ್ದವನು ಐದು ತಿಂಗಳಿಗೆ ನಾಲ್ಕೈದಕ್ಕೆ ಬಂದ, ಅದೂ ಅಮ್ಮನ ಜೊತೆಯ ಫೋನಿನಲ್ಲಿ.

ಈಗ ಮಂಡ್ಯ ಕಡೆಯ ಒಬ್ಬರಿಗೆ ಇದನ್ನೇ ಕನ್ನಡದಲ್ಲಿ ಮಾಡಿಸುತ್ತಿದ್ದೇನೆ. 'ಊಟ' ಬರುತ್ತಿರಲಿಲ್ಲ. 'ನಾನೂಟ ಮಾಡ್ದೆ' ಬರುತ್ತಿದೆ. 'ಅಕ್ಕಿ' ಇನ್ನೂ ಕೈಕೊಡುತ್ತಿದೆ.