ಹಗುರ ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ

ಓದಿಗೆ ಹಗುರವಾದ ಲ್ಯಾಪ್‌ಟಾಪ್ ಹುಡುಕ್ತಿದ್ದರೆ ಇಂಟೆಲ್ ಪ್ರೊಸೆಸರ್‌ನ ‘ಐ5’, ಎಎಂಡಿಯ ‘ರೈಜನ್ 5’ ಅಂತ ಬರೆದಿರೋದನ್ನಷ್ಟೇ ನೋಡಿ ತೀರ್ಮಾನ ಮಾಡಬೇಡಿ. ಪ್ರೊಸೆಸರ್‌ನ ಪೂರ್ತಿ ಹೆಸರು ಕೇಳಿ, ಅದರ ಕೊನೆಯ ಅಕ್ಷರ ನೋಡಿ. ಐ5-1235ಯು, ಐ5-12450ಎಚ್ ಎರಡೂ ಐ5ಗಳೇ. ಆದರೆ ಮೊದಲನೆಯದರ ಮೂಲ ವಿದ್ಯುತ್ ಬಳಕೆ 15 ವ್ಯಾಟ್, ಎರಡನೆಯದರದ್ದು 45. ‘ಯು’ ಇದ್ದರೆ ಬಿಸಿ ಕಡಿಮೆ, ಹಾಗಾಗಿ ಸಣ್ಣ ಫ್ಯಾನ್, ಚಿಕ್ಕ ಚಾರ್ಜರ್ ಸಾಕು. ನೋಟ್ಸ್, ಆನ್‌ಲೈನ್ ಪಾಠ, ಹತ್ತಾರು ಟ್ಯಾಬ್, ಸಾಮಾನ್ಯ ಕೋಡಿಂಗ್ ಎಲ್ಲ ಆರಾಮಾಗಿ ನಡೆಯುತ್ತೆ. ಕ್ಯಾಡ್ (ಕಂಪ್ಯೂಟರ್‌ನಲ್ಲಿ ವಿನ್ಯಾಸ ಬಿಡಿಸೋದು), ವಿಡಿಯೊ ಎಡಿಟಿಂಗ್, ಗಂಟೆಗಟ್ಟಲೆ ಓಡುವ ಸಿಮ್ಯುಲೇಶನ್ ಇರುವವರಿಗೆ ಇದು ಸಾಲದು. ಅವರು ತೂಕ ಸಹಿಸಿಕೊಂಡು ‘ಎಚ್’ ತಗೊಳ್ಳೋದೇ ಸರಿ. ಅಕ್ಷರ ಒಂದನ್ನೇ ನಂಬಿದರೆ ಕೈಕೊಡೋದು ರೈಜನ್ 7000 ಸರಣಿಯಲ್ಲಿ. ಅಲ್ಲಿ ಒಳಗಿನ ವಿನ್ಯಾಸ ಯಾವ ತಲೆಮಾರಿನದು ಅಂತ ಮೂರನೇ ಅಂಕಿ ಹೇಳುತ್ತೆ: 7520ಯು ಕೇಳೋಕೆ ಹೊಸದು, ಒಳಗಿರೋದು ಹಳೆಯ ಝೆನ್ 2, 7530ಯು ಆದರೆ ಝೆನ್ 3. ಆಪಲ್‌ನ ಎಂ ಚಿಪ್‌ಗಳಿಗೆ ಈ ಲೆಕ್ಕ ಹೊಂದಲ್ಲ. ಹಾಗೇ, ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬಹಳಷ್ಟು ಸಲ ಬೋರ್ಡಿಗೇ ಬೆಸೆದಿರುತ್ತೆ, ಆಮೇಲೆ ಹೆಚ್ಚಿಸೋಣ ಅಂದ್ರೆ ಆಗಲ್ಲ. ಮೊದಲೇ 16 ಜಿಬಿ ಇರೋದನ್ನೇ ತಗೊಳ್ಳಿ.