ತಾಲ್ಲೂಕಿನಲ್ಲಿ ಸಂತಾನ ಚಿಕಿತ್ಸಾ ಕೇಂದ್ರ ತೆರೆಯುವುದು ಹೇಗೆ?

ಪಾವಗಡದ ಕಡೆಯ ದಂಪತಿ ಬೆಂಗಳೂರಿನ ಕೇಂದ್ರವೊಂದರಲ್ಲಿ ಐವಿಎಫ್ ಚಿಕಿತ್ಸೆಗೆ (ಭ್ರೂಣವನ್ನು ದೇಹದ ಹೊರಗೆ ಬೆಳೆಸಿ ಗರ್ಭಕೋಶದಲ್ಲಿ ಇರಿಸುವುದು) ಒಪ್ಪಿಕೊಂಡರು ಎಂದಿಟ್ಟುಕೊಳ್ಳೋಣ. ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಒಂದು ಸ್ಕ್ಯಾನಿಂಗ್, ಅಲ್ಲಿಂದ ಸುಮಾರು 10–12 ದಿನ ದಿನವೂ ಚುಚ್ಚುಮದ್ದು, ನಡುವೆ ಅಂಡಾಣುಗಳ ಬೆಳವಣಿಗೆ ನೋಡಲು ಮತ್ತೆ ಮೂರು ನಾಲ್ಕು ಸ್ಕ್ಯಾನಿಂಗ್. ಪ್ರತಿ ಬಾರಿಯೂ ಒಳಗೆ ಹತ್ತು ನಿಮಿಷದ ಕೆಲಸ, ಹೊರಗೆ ಇಡೀ ದಿನದ ಬಸ್ಸು ಪ್ರಯಾಣ ಮತ್ತು ಇಬ್ಬರ ದುಡಿಮೆಯ ನಷ್ಟ. ಇಷ್ಟೆಲ್ಲ ಓಡಾಟದಲ್ಲಿ ದೊಡ್ಡ ಪ್ರಯೋಗಾಲಯ ನಿಜವಾಗಿ ಬೇಕಾಗುವುದು ಅಂಡಾಣು ಹೊರತೆಗೆಯುವ ದಿನ ಮತ್ತು ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸುವ ದಿನ ಮಾತ್ರ. ಉಳಿದದ್ದನ್ನು ಊರಿನ ಸ್ತ್ರೀರೋಗ ತಜ್ಞರೇ ಮಾಡಬಹುದು. ಈ ಕ್ಷೇತ್ರಕ್ಕೆ ಕಾಲಿಡಲು ಬಯಸುವ ವೈದ್ಯರು ಲೆಕ್ಕ ಹಾಕಲು ಇಲ್ಲಿಂದಲೇ ತೊಡಗಬೇಕು.

ಬೇಡಿಕೆಯ ವಿಷಯದಲ್ಲಿ ಅನುಮಾನ ಬೇಡ. ಜಗತ್ತಿನ ವಯಸ್ಕರಲ್ಲಿ ಸುಮಾರು ಆರು ಮಂದಿಗೆ ಒಬ್ಬರು ಬದುಕಿನ ಯಾವುದಾದರೂ ಘಟ್ಟದಲ್ಲಿ ಮಕ್ಕಳಾಗದ ಸಮಸ್ಯೆ ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜಿಸಿದೆ. ಉದಯಪುರದಲ್ಲಿ ಆರಂಭವಾದ ಸಂತಾನ ಚಿಕಿತ್ಸಾ ಕೇಂದ್ರಗಳ ಸರಣಿ ಇಂದಿರಾ ಐವಿಎಫ್‌ನ ಬಹುಪಾಲು ಒಡೆತನವನ್ನು ಅದೇ ವರ್ಷ ಸ್ವೀಡನ್ ಮೂಲದ ಹೂಡಿಕೆ ಸಂಸ್ಥೆ ಇಕ್ಯೂಟಿ ಕೊಳ್ಳಲು ಮುಂದಾಯಿತು; ದೊಡ್ಡ ಹಣ ಎತ್ತ ಹರಿಯುತ್ತಿದೆ ಎಂಬುದಕ್ಕೆ ಇದೊಂದು ಗುರುತು. ಆದರೆ ಕರ್ನಾಟಕದಲ್ಲಿ ಪ್ರತಿ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿರುವುದನ್ನು (2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಈ ಉದ್ಯಮದ ಜಾಹೀರಾತಿನಂತೆ ಬಳಸುವವರನ್ನು ನಂಬಬೇಡಿ. ಒಂದೇ ಮಗು ಸಾಕು ಎಂದು ನಿರ್ಧರಿಸಿದವರೂ ಆ ಸಂಖ್ಯೆಯಲ್ಲಿದ್ದಾರೆ. ಅವರು ನಿಮ್ಮ ರೋಗಿಗಳಲ್ಲ.

ಮೊದಲು ಹಂತವನ್ನು ಆರಿಸಿಕೊಳ್ಳಿ

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಇದರಡಿಯ ನಿಯಮಗಳು ಕೇಂದ್ರಗಳನ್ನು ಎರಡು ಹಂತಗಳಾಗಿ ವಿಂಗಡಿಸಿವೆ. ಸಂಸ್ಕರಿಸಿದ ವೀರ್ಯವನ್ನು ನೇರವಾಗಿ ಗರ್ಭಕೋಶದೊಳಗೆ ಸೇರಿಸುವ ಐಯುಐ ಮಾತ್ರ ನಡೆಯುವುದು ಮೊದಲ ಹಂತ. ದೇಹದ ಹೊರಗೆ ಭ್ರೂಣ ಬೆಳೆಸುವ ಐವಿಎಫ್ ಎರಡನೆಯ ಹಂತ. ಮೊದಲನೆಯದಕ್ಕೆ ಸ್ತ್ರೀರೋಗ ತಜ್ಞರು ಮತ್ತು ಆಪ್ತಸಮಾಲೋಚಕರು ಮುಖ್ಯ. ಎರಡನೆಯದಕ್ಕೆ ಇವರ ಜೊತೆಗೆ ಭ್ರೂಣತಜ್ಞರು, ಪುರುಷರ ಸಂತಾನ ಸಮಸ್ಯೆಯ ತಜ್ಞರು, ಅರಿವಳಿಕೆ ತಜ್ಞರು ಮತ್ತು ನಿರ್ದೇಶಕರು ಬೇಕು.

ತಾಲ್ಲೂಕು ಕೇಂದ್ರಗಳಲ್ಲಿ, ಎಷ್ಟೋ ಜಿಲ್ಲಾ ಕೇಂದ್ರಗಳಲ್ಲಿಯೂ, ಮೊದಲ ಹಂತವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಭ್ರೂಣದ ಪ್ರಯೋಗಾಲಯಕ್ಕೆ ಸೋಸಿದ ಗಾಳಿ ಬೇಕು, ಹೊರಗಿನ ದೂಳು ನುಗ್ಗದಂತೆ ಕೋಣೆಯೊಳಗೆ ಗಾಳಿಯ ಒತ್ತಡ ಹೆಚ್ಚಿರಬೇಕು, ಇನ್‌ಕ್ಯುಬೇಟರ್ 37 ಡಿಗ್ರಿಯಿಂದ ಅತ್ತಿತ್ತ ಸರಿಯಬಾರದು. ಭ್ರೂಣ ಐದು ದಿನ ಅದರೊಳಗೆ ಬೆಳೆಯುವಾಗ ಕರೆಂಟು ಹೋದರೆ ಯುಪಿಎಸ್ ಮತ್ತು ಜನರೇಟರ್ ಎರಡೂ ಎದ್ದು ನಿಲ್ಲಬೇಕು. ಘನೀಕರಿಸಿದ ಭ್ರೂಣಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟಿರುತ್ತಾರೆ. ಅದು ನಿತ್ಯವೂ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ. ಅಳತೆ ಕಡ್ಡಿಯೊಂದನ್ನು ಸಾರಜನಕದ ಕ್ಯಾನಿನೊಳಗೆ ಇಳಿಸಿ ಹೊರತೆಗೆದಾಗ ಬಿಳಿಯ ಹಿಮ ಎಲ್ಲಿಯವರೆಗೆ ಕೂತಿದೆ ಎಂದು ನೋಡಿ ಮಟ್ಟ ಬರೆದಿಡಬೇಕು. ಮರುಪೂರಣದ ಗಾಡಿ ಮಳೆಗಾಲದಲ್ಲಿ ಘಾಟಿಯಲ್ಲಿ ಸಿಕ್ಕಿಕೊಂಡರೆ ಕಾಯುವ ವಸ್ತು ಅದಲ್ಲ. ಸಾಕಷ್ಟು ರೋಗಿಗಳಿಲ್ಲದ ಕಡೆ ಭ್ರೂಣತಜ್ಞರೂ ನಿಲ್ಲುವುದಿಲ್ಲ, ಹಾಗಾಗಿ ಹಲವರ ಚಿಕಿತ್ಸೆಯನ್ನು ಒಂದೇ ವಾರಕ್ಕೆ ಹೊಂದಿಸಿ, ತಜ್ಞರನ್ನು ಆ ವಾರ ಮಾತ್ರ ಕರೆಸುವ ‘ಬ್ಯಾಚ್’ ಪದ್ಧತಿ ಸಣ್ಣ ಊರುಗಳಲ್ಲಿ ಹುಟ್ಟಿಕೊಂಡಿದೆ. ಎಚ್ಚರದಿಂದ ಮಾಡಿದರೆ ಅದು ತಪ್ಪಲ್ಲ. ಆದರೆ ಆರಂಭಿಸುವವರು ಅದರಿಂದ ಆರಂಭಿಸಬಾರದು.

ಕಾಗದಪತ್ರ

ರಾಷ್ಟ್ರೀಯ ನೋಂದಣಿ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಅರ್ಜಿ ಶುಲ್ಕ ಮೊದಲ ಹಂತಕ್ಕೆ 50,000 ರೂಪಾಯಿ, ಎರಡನೆಯದಕ್ಕೆ 2 ಲಕ್ಷ ರೂಪಾಯಿ. ರಾಜ್ಯದ ಸಕ್ಷಮ ಪ್ರಾಧಿಕಾರವು 30 ದಿನಗಳೊಳಗೆ ನೋಂದಣಿ ನೀಡಬೇಕು, ಇಲ್ಲವೇ ಕಾರಣ ತಿಳಿಸಿ ತಿರಸ್ಕರಿಸಬೇಕು. ನೋಂದಣಿಯ ಅವಧಿ 5 ವರ್ಷ. ಸ್ಕ್ಯಾನಿಂಗ್ ಯಂತ್ರಕ್ಕೆ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ, ಆಸ್ಪತ್ರೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು. ಜೈವಿಕ ವೈದ್ಯಕೀಯ ತ್ಯಾಜ್ಯದ ಅನುಮತಿ ಬೇರೆ. ಇವುಗಳಲ್ಲಿ ಒಂದು ಬಾಕಿಯಿದ್ದರೂ ಉದ್ಘಾಟನೆಯ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡಬೇಡಿ.

ಚಿಕಿತ್ಸೆ ಪಡೆಯುವ ಮಹಿಳೆಗೆ 21 ತುಂಬಿರಬೇಕು, 50 ತುಂಬಿರಬಾರದು; ಪುರುಷನಿಗೆ 21 ತುಂಬಿರಬೇಕು, 55 ತುಂಬಿರಬಾರದು. ದಾನಿಯ ವೀರ್ಯ ಬೇಕಾದಾಗ ಅದು ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ಪರಿಚಯದವರನ್ನು ಕರೆತರುತ್ತೇವೆ ಎನ್ನುವ ಕುಟುಂಬಕ್ಕೆ ಇದನ್ನು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ದಾಖಲೆಗಳನ್ನು ಕನಿಷ್ಠ 10 ವರ್ಷ ಕಾಪಾಡಬೇಕು.

ಕೋಣೆಗಳು, ಮತ್ತು ಒಂದು ಬಾಗಿಲು

ಸ್ಕ್ಯಾನಿಂಗ್ ಕೋಣೆ, ಐಯುಐ ಕೋಣೆ, ವೀರ್ಯ ಸಂಸ್ಕರಿಸುವ ಸಣ್ಣ ಪ್ರಯೋಗಾಲಯ, ಇಷ್ಟನ್ನು ಎಲ್ಲರೂ ನಕ್ಷೆಯಲ್ಲಿ ಬರೆಸುತ್ತಾರೆ. ಮರೆಯುವುದು ಗಂಡಸರು ವೀರ್ಯದ ಮಾದರಿ ಕೊಡುವ ಕೋಣೆಯನ್ನು. ಎಷ್ಟೋ ಕಡೆ ಗಂಡಸಿನ ಕೈಗೆ ಡಬ್ಬಿ ಕೊಟ್ಟು ಸಾರ್ವಜನಿಕ ಶೌಚಾಲಯದ ಕಡೆ ಕೈ ತೋರಿಸುತ್ತಾರೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಿರುತ್ತಾರೆ. ಅಂಥ ಸ್ಥಿತಿಯಲ್ಲಿ ಬಂದ ವರದಿಯನ್ನು ನಂಬುವುದು ಹೇಗೆ? ಒಳಗಿನಿಂದ ಚಿಲಕ ಹಾಕುವ ಬಾಗಿಲು, ಕೈತೊಳೆಯುವ ನೀರು, ಪ್ರಯೋಗಾಲಯಕ್ಕೆ ಡಬ್ಬಿ ದಾಟಿಸುವ ಸಣ್ಣ ಕಿಟಕಿ ಇದ್ದರೆ ಸಾಕು. ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಅದಕ್ಕೆ ಮುನ್ನ 2ರಿಂದ 7 ದಿನ ಸಂಯಮವಿರಬೇಕು.

ವೀರ್ಯ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗಬೇಕು. ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಆದರೂ ಹೆಂಡತಿ ನಾಲ್ಕು ಕಡೆ ಪರೀಕ್ಷೆ ಮಾಡಿಸಿಕೊಂಡಿದ್ದು, ಗಂಡ ಒಂದೂ ಮಾಡಿಸಿಕೊಳ್ಳದೆ ಬರುವುದು ಈಗಲೂ ಸಾಮಾನ್ಯ. ನಮ್ಮ ಭಾಷೆಯಲ್ಲೂ ತಪ್ಪಿದೆ: ‘ಬಂಜೆ’ ಎಂಬ ಮಾತಿಗೆ ದಿನಬಳಕೆಯಲ್ಲಿ ಪುಲ್ಲಿಂಗವೇ ಇಲ್ಲ. ಹೊರಗಿನ ಫಲಕದಲ್ಲಿ ಬಂಜೆತನ ನಿವಾರಣೆ ಎಂದು ಬರೆಸದೆ ಸಂತಾನ ಚಿಕಿತ್ಸೆ ಎಂದು ಬರೆಸಿದರೆ ಗಂಡಸರೂ ಒಳಗೆ ಬಂದಾರು.

ದೊಡ್ಡ ಕೇಂದ್ರದೊಡನೆ ಒಪ್ಪಂದ

ಐಯುಐ ಪ್ರತಿ ಸುತ್ತಿನಲ್ಲಿ ಫಲಿಸುವುದು ಸಾಮಾನ್ಯವಾಗಿ ನೂರಕ್ಕೆ 10–15ರಷ್ಟು. ಮೂರು ನಾಲ್ಕು ಸುತ್ತಿನ ಬಳಿಕವೂ ಫಲ ಸಿಗದಿದ್ದರೆ, ಎರಡೂ ಗರ್ಭನಾಳಗಳು ಮುಚ್ಚಿದ್ದರೆ (ನಮ್ಮಲ್ಲಿ ಇದಕ್ಕೆ ಜನನಾಂಗದ ಕ್ಷಯವೂ ಒಂದು ಕಾರಣ), ಅಥವಾ ವಯಸ್ಸು ಕೈಮೀರುತ್ತಿದ್ದರೆ, ಎರಡನೆಯ ಹಂತದ ಕೇಂದ್ರಕ್ಕೆ ಕಳುಹಿಸಲೇಬೇಕು. ಆದ್ದರಿಂದ ನೋಂದಾಯಿತ ಐವಿಎಫ್ ಕೇಂದ್ರವೊಂದರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಿ: ಸ್ಕ್ಯಾನಿಂಗ್ ಮತ್ತು ಚುಚ್ಚುಮದ್ದು ನಿಮ್ಮಲ್ಲಿ, ಅಂಡಾಣು ತೆಗೆಯುವುದು ಅಲ್ಲಿ. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವಂತಿಲ್ಲ. ನೀವು ಮಾಡಿದ ಕೆಲಸಕ್ಕೆ ನಿಮ್ಮದೇ ರಸೀದಿಯ ಮೇಲೆ ಶುಲ್ಕ ಪಡೆಯಿರಿ.

ಈ ಹಂಚಿಕೆಯಲ್ಲಿ ಎಲ್ಲವೂ ನಿಂತಿರುವುದು ಗಡಿಯಾರದ ಮೇಲೆ. ಅಂಡಾಣುಗಳು ಪಕ್ವವಾಗಲು ಕೊಡುವ ಕೊನೆಯ ಚುಚ್ಚುಮದ್ದಿನಿಂದ 34–36 ಗಂಟೆಗೆ ಸರಿಯಾಗಿ ಅವುಗಳನ್ನು ಹೊರತೆಗೆಯಬೇಕು. ಗುರುವಾರ ಬೆಳಿಗ್ಗೆ 9ಕ್ಕೆ ಬೆಂಗಳೂರಿನಲ್ಲಿ ಸಮಯ ಗೊತ್ತಾಗಿದ್ದರೆ ಮಂಗಳವಾರ ರಾತ್ರಿ 10ಕ್ಕೆ ನಿಮ್ಮ ನರ್ಸ್ ಎಚ್ಚರವಿರಬೇಕು, ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಔಷಧ ಇರಬೇಕು, ಕೊಟ್ಟ ನಿಮಿಷವನ್ನು ಬರೆದು ಆಗಲೇ ಅಲ್ಲಿಗೆ ತಿಳಿಸಬೇಕು. ರಾತ್ರಿ ಪಾಳಿಗೆ ನರ್ಸ್ ಇಲ್ಲದ ಆಸ್ಪತ್ರೆ ಈ ಕೆಲಸಕ್ಕೆ ಕೈ ಹಾಕಬಾರದು.

ಹಣದ ಲೆಕ್ಕ

ಬಹುತೇಕ ಆರೋಗ್ಯ ವಿಮೆಗಳು ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿವೆ. ಹೀಗಾಗಿ ರೋಗಿ ಕೊಡುವುದು ಕೈಯಿಂದಲೇ, ಕೆಲವೊಮ್ಮೆ ಒಡವೆ ಅಡವಿಟ್ಟು. ಈ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲವೆಂದು ಸರ್ಕಾರ 2022ರಲ್ಲಿ ಸ್ಪಷ್ಟಪಡಿಸಿದೆ, ಆದರೆ ನೀವು ಯಂತ್ರ ಕೊಳ್ಳುವಾಗ ಕಟ್ಟಿದ ತೆರಿಗೆಯೂ ವಾಪಸು ಬರುವುದಿಲ್ಲ. ಬಂಡವಾಳದ ಅಂದಾಜಿನಲ್ಲಿ ಅದನ್ನು ವೆಚ್ಚವೆಂದೇ ಬರೆಯಿರಿ. ‘ಪ್ಯಾಕೇಜ್’ ದರವನ್ನು ದೊಡ್ಡದಾಗಿ ಬರೆದು, ಚುಚ್ಚುಮದ್ದಿನ ಖರ್ಚು ಅದರಲ್ಲಿ ಸೇರಿಲ್ಲ ಎಂಬುದನ್ನು ಆಮೇಲೆ ಹೇಳುವ ಚಾಳಿ ಈ ಉದ್ಯಮದ ಹೆಸರು ಕೆಡಿಸಿದೆ. ನಿಮ್ಮ ಶುಲ್ಕ, ಔಷಧ, ದೊಡ್ಡ ಕೇಂದ್ರದ ಶುಲ್ಕ ಎಂದು ಮೂರು ಸಾಲುಗಳಲ್ಲಿ ಕನ್ನಡದಲ್ಲಿ ಬರೆದು, ಯಶಸ್ಸಿನ ಸಾಧ್ಯತೆಯನ್ನೂ ಅಪಾಯಗಳನ್ನೂ ವಿವರಿಸಿ, ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು.

ಆಪ್ತಸಮಾಲೋಚಕರ ಕೋಣೆಗೆ ಮೂರೇ ಕುರ್ಚಿ ಹಾಕಿಸಿ. ಅತ್ತೆಯವರೋ ತಾಯಿಯವರೋ ಜೊತೆಗೆ ಬಂದಿದ್ದರೆ ಹತ್ತು ನಿಮಿಷ ಹೊರಗೆ ಕೂರುವಂತೆ ಗೌರವದಿಂದ ಕೇಳಿಕೊಳ್ಳಬಹುದು. ಮತ್ತು ದೊಡ್ಡ ಕೇಂದ್ರಕ್ಕೆ ಹೊರಟವರ ಕೈಗೆ ಕಡತದ ಪೂರ್ತಿ ಪ್ರತಿಯನ್ನು, ಸ್ಕ್ಯಾನಿಂಗ್ ಚಿತ್ರಗಳ ಸಮೇತ, ಆ ದಿನವೇ ಕೊಡಿ. ಇಲ್ಲವಾದರೆ ಅಲ್ಲಿ ಅದೇ ಪರೀಕ್ಷೆಗಳಿಗೆ ಅವರು ಮತ್ತೊಮ್ಮೆ ಹಣ ಕಟ್ಟಬೇಕಾಗುತ್ತದೆ.